ನಶ್ಯ ಏರಿಸಿದರೆ ಬರೆಯುವಾಗ ಏಕಾಗ್ರತೆ ಬರುತ್ತದೆಯೇ? ದಿನಕ್ಕೆ ಎಷ್ಟು ಚಿಟಿಕೆ ಸಾಕು?

ಗೆಳೆಯರು ನಶ್ಯದ, ಅಂದರೆ ಮೂಗಿಗೆ ಏರಿಸುವ ತಂಬಾಕು ಪುಡಿಯ ಡಬ್ಬಿ ಕೊಟ್ಟಿದ್ದಾರೆ, ಕತೆ ಬರೆಯುವಾಗ ತಲೆ ಓಡುತ್ತದಂತೆ, ಹೊಗೆ ಇಲ್ಲದ್ದರಿಂದ ತೊಂದರೆಯೂ ಕಡಿಮೆ ಅಲ್ವಾ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ನನ್ನ 2009ರ ಮಳೆಗಾಲ ನೆನಪಾಯಿತು.

ನಾನು ಶಿರಸಿಯವನು. ಹಗಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು, ರಾತ್ರಿ ತಾಳಮದ್ದಳೆ, ಅಂದರೆ ಕೂತು ಮಾತಲ್ಲೇ ಆಡುವ ಯಕ್ಷಗಾನ. ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಅದಕ್ಕೆ ಮಾತು ಹುಟ್ಟಿಸಬೇಕು. ಎದುರಿನವರು ಏನು ಕೇಳುತ್ತಾರೋ ಗೊತ್ತಿರುವುದಿಲ್ಲ. ನೀವು ಹೇಳುವ ಏಕಾಗ್ರತೆ, ಹೊಸ ಯೋಚನೆ ಎರಡೂ ಆ ಗಳಿಗೆಯಲ್ಲೇ ಬೇಕು.

ಸಿದ್ದಾಪುರದ ಕಡೆ ಒಂದು ಮನೆಯಲ್ಲಿ ಕೂಟ. ನನಗೆ ಕರ್ಣ. ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸಣ್ಣ ತಗಡಿನ ಡಬ್ಬಿ ಮುಂದೆ ಹಿಡಿದು, "ಒಂದು ಚಿಟಿಕೆ ಏರಿಸು, ತಲೆ ಬಿಚ್ಚುತ್ತದೆ" ಅಂದರು. ಏರಿಸಿದೆ. ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು, ಆಮೇಲೆ ಎಲ್ಲ ತಿಳಿಯಾದ ಹಾಗೆ ಅನಿಸಿತು. ಅವತ್ತು ಕೃಷ್ಣನ ಪ್ರಶ್ನೆಗೆ ನಾನು ಕೊಟ್ಟ ಉತ್ತರಕ್ಕೆ ಇಡೀ ಚಾವಡಿ ಸುಮ್ಮನಾಯಿತು.

ನನ್ನ ತಪ್ಪು ಇಲ್ಲಿದೆ, ದಯವಿಟ್ಟು ನಿಧಾನ ಓದಿ. ಆ ಚಿಟಿಕೆ ಏರಿಸಿದ್ದು ದೊಡ್ಡ ತಪ್ಪಲ್ಲ. ಆ ಉತ್ತರವನ್ನು ನಶ್ಯದ ಖಾತೆಗೆ ಜಮಾ ಮಾಡಿದ್ದು ತಪ್ಪು. ಅದಕ್ಕಿಂತ ಮುಂಚೆ ಹದಿನೈದು ದಿನ ನಾನು ಮಂಡಿಯಿಂದ ಬಂದು ರಾತ್ರಿ ಹನ್ನೆರಡರವರೆಗೆ ಕರ್ಣನ ಬಗ್ಗೆ ಓದಿದ್ದೆ. ತೋಟಕ್ಕೆ ಹೋದರೂ ಅದೇ ಮಾತು ಬಾಯಲ್ಲಿತ್ತು. ಕೃಷ್ಣ ಹೀಗೆ ಕೇಳಿದರೆ ಏನು, ಹಾಗೆ ಕೇಳಿದರೆ ಏನು ಅಂತ ಭಾವನ ಜೊತೆ ಜಗಳವಾಡಿದ್ದೆ. ಉತ್ತರ ಬಂದದ್ದು ಅಲ್ಲಿಂದ. ದಿನವಿಡೀ ಜಮಾ ಖರ್ಚು ಬರೆಯುವ ನಾನು ಆ ಹದಿನೈದು ದಿನವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಕೊನೆಯ ಎರಡು ನಿಮಿಷದಲ್ಲಿ ಮೂಗಿಗೆ ಹೋದ ಪುಡಿಯನ್ನು ಹಿಡಿದೆ. ಮುಂದಿನ ಕೂಟಕ್ಕೆ ಓದು ಕಡಿಮೆಯಾಯಿತು, ಚಿಟಿಕೆ ಜಾಸ್ತಿಯಾಯಿತು. ಅದರ ಮುಂದಿನ ಕೂಟಕ್ಕೆ ಓದಲೇ ಇಲ್ಲ.

ಇನ್ನೊಂದು ಮೋಸವೂ ಇದರ ಜೊತೆಗೇ ನಡೆಯಿತು. ಹೊಗೆಸೊಪ್ಪನ್ನು ಹುರಿದು, ಸುಣ್ಣ, ತುಪ್ಪ ಸೇರಿಸಿ ಅರೆದದ್ದು ನಮ್ಮ ಕಡೆ ಸಿಗುವ ನಶ್ಯ. ಸುಣ್ಣ ಇರುವುದರಿಂದ ನಿಕೋಟಿನ್ ಬೇಗ ಬಿಟ್ಟುಕೊಂಡು ಮೂಗಿನ ತೆಳು ಪದರದಿಂದ ನೇರ ರಕ್ತಕ್ಕೆ ಹೋಗುತ್ತದೆ. ಗಮನ ತುಸು ಚುರುಕಾಗುವುದು ಸುಳ್ಳಲ್ಲ. ಆದರೆ ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ರೂಢಿಯಾದವನಿಗೆ ಆಗ ತಲೆ ಮಂಕಾಗುತ್ತದೆ, ಸಿಟ್ಟು ಬರುತ್ತದೆ. ಮತ್ತೊಂದು ಚಿಟಿಕೆ ಏರಿಸಿದರೆ ಮಂಕು ಹೋಗುತ್ತದೆ. ನೋಡು, ನಶ್ಯ ತಲೆ ಚುರುಕು ಮಾಡಿತು ಅಂತ ನಾನು ಮೂರು ವರ್ಷ ನಂಬಿದ್ದೆ. ಅದು ತಾನೇ ತಂದ ಮಂಕನ್ನು ತಾನೇ ತೆಗೆಯುತ್ತಿತ್ತು, ಅಷ್ಟೇ. ನಶ್ಯವೇ ಗೊತ್ತಿಲ್ಲದಿದ್ದಾಗ ನನ್ನ ತಲೆ ಹೇಗಿತ್ತು ಅಂತ ಒಂದು ಸಲವೂ ಹೋಲಿಸಿ ನೋಡಲಿಲ್ಲ.

2012ರಲ್ಲಿ ಕುಮಟಾದ ಕಡೆ ಕೂಟ. ದೇವಿಮನೆ ಘಟ್ಟ ಇಳಿಯುವಾಗ ಜೇಬು ಮುಟ್ಟಿ ನೋಡಿಕೊಂಡೆ, ಡಬ್ಬಿ ಇಲ್ಲ. ಬದಲಾಯಿಸಿದ ಅಂಗಿಯಲ್ಲಿ ಉಳಿದಿತ್ತು. ಹೊರಗೆ ಜಡಿಮಳೆ, ತಲುಪುವಷ್ಟರಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಭಾಗವತರು ಪದ ಮುಗಿಸಿ ನನ್ನ ಮುಖ ನೋಡಿದರು. ಈಗಷ್ಟೇ ಕೇಳಿದ ಪದದ ಎರಡನೇ ಸಾಲು ನನಗೆ ನೆನಪಿರಲಿಲ್ಲ. ಕೈ ಸುಮ್ನೆ ಜೇಬಿಗೆ ಹೋಗಿ ಬರುತ್ತಿತ್ತು. ಎದುರಿಗಿದ್ದವರು ದೊಡ್ಡವರು, ನಾನು ಆಡಬೇಕಿದ್ದ ಮಾತನ್ನು ತಾವೇ ಎತ್ತಿ ಆಡಿ ಮಾನ ಉಳಿಸಿದರು. ಮುಂದಿನ ಮಳೆಗಾಲ ಆ ತಂಡದಿಂದ ಕರೆ ಬರಲಿಲ್ಲ.

ಅಷ್ಟಾದರೂ ನಾನು ಬಿಡಲಿಲ್ಲ. ಬಿಟ್ಟದ್ದು ಮಾವಿನ ಮಿಡಿಯಿಂದ. ಉಪ್ಪಿನಕಾಯಿ ಹಾಕಲು ಆಯಿ ಮಿಡಿ ಆರಿಸುತ್ತಿದ್ದಳು. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಅದನ್ನು ಮೂಸಿಯೇ ಇದು ಜೀರಿಗೆಮಿಡಿ, ಇದು ಬೇರೆ ಅಂತ ಹೇಳುವುದು. ಚಿಕ್ಕಂದಿನಿಂದ ಆ ಕೆಲಸ ನನ್ನದೇ. ಅವತ್ತು ಒಂದು ಮುರಿದೆ, ಎರಡು ಮುರಿದೆ, ಸೊನೆ ಬೆರಳಿಗೆ ಅಂಟಿ ಚುರುಗುಟ್ಟಿತು. ವಾಸನೆ ಮಾತ್ರ ಇಲ್ಲ. "ವಾಸನೆ ಬತ್ತಿಲ್ಯನಾ ತಮಾ?" ಅಂದಳು. ನನಗೆ ಅಳು ಬಂತು.

ಬಿಟ್ಟ ಮೊದಲ ಮೂರು ದಿನ ಬಹಳ ಕಷ್ಟ. ಒಂದೇ ಪುಟದ ಮೊತ್ತವನ್ನು ನಾಲ್ಕು ಸಲ ಕೂಡಿದರೂ ನಾಲ್ಕು ಉತ್ತರ ಬಂತು. ಒಂದು ತಿಂಗಳಾಗುವಷ್ಟರಲ್ಲಿ ಸರಿಹೋಯಿತು. ವಾಸನೆ ಮರಳಲು ಇನ್ನೂ ತಡವಾಯಿತು.

ಹಾಗಾಗಿ "ಎಷ್ಟು ಚಿಟಿಕೆ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೊಗೆ ಇಲ್ಲ ಅಂದ ಮಾತ್ರಕ್ಕೆ ತಂಬಾಕು ಹೋಯಿತೇ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೊಗೆಯಿಲ್ಲದ ತಂಬಾಕನ್ನೂ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಯಲ್ಲೇ ಇಟ್ಟಿದೆ. ನಿಮಗೆ ಕತೆ ಬರುತ್ತಿಲ್ಲ ಅಂದರೆ ಬಹುಶಃ ಆ ಕತೆಯ ಜೊತೆ ನೀವಿನ್ನೂ ಹದಿನೈದು ದಿನ ಕಳೆದಿಲ್ಲ. ನಡೆಯಲು ಹೋಗಿ, ಯಾರ ಜೊತೆಯಾದರೂ ಕತೆಯ ಬಗ್ಗೆ ಜಗಳವಾಡಿ, ಬೆಳಿಗ್ಗೆ ಬೇಗ ಕೂತು ಬರೆಯಿರಿ.

ಈಗಾಗಲೇ ರೂಢಿಯಾಗಿದ್ದರೆ ತಂಬಾಕು ಬಿಡುವವರಿಗಾಗಿ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಇನ್ನೂ ಶುರು ಮಾಡಿಲ್ಲವಾದರೆ ಆ ಡಬ್ಬಿಯನ್ನು ನಾಳೆಯೇ ಗೆಳೆಯರಿಗೆ ವಾಪಸ್ ಕೊಡಿ.