ಪ್ಯಾರಿಸ್‌ನ ಹೊಸ ಕೋರ್ಟ್ ಕಟ್ಟಡ ಮೆಟ್ಟಿಲಿನಂತೆ ಯಾಕಿದೆ?

ಅಷ್ಟು ದೊಡ್ಡ ಕಟ್ಟಡ ಒಂದೇ ಗೋಡೆಯ ಹಾಗೆ ಕಾಣಬಾರದು ಎಂದೇ ಹೀಗೆ ಮಾಡಿದ್ದಾರೆ. ಎತ್ತರ 160 ಮೀಟರ್. ಕೆಳಗೆ ಅಗಲವಾದ ಬುಡ, ಅದರ ಮೇಲೆ ಒಂದಕ್ಕಿಂತ ಒಂದು ಕಿರಿದಾದ 3 ಗಾಜಿನ ಬ್ಲಾಕ್‌ಗಳು. ಹಿಂದೆ ಸರಿದ ಜಾಗಗಳೆಲ್ಲ ಗಿಡಮರಗಳಿರುವ ಟೆರೇಸ್ ಆಗಿವೆ. 90 ಕೋರ್ಟ್ ಹಾಲ್‌ಗಳು ಬುಡದ ಭಾಗದಲ್ಲೇ ಇವೆ.

ವಿನ್ಯಾಸ ಇಟಲಿಯ ರೆನ್ಜೊ ಪಿಯಾನೊ ಅವರದು. ನನಗೆ ಜಾಸ್ತಿ ಇಷ್ಟವಾಗುವುದು ಒಳಗಿನ ಬೆಳಕು. ಕೋರ್ಟಿಗೆ ಬರುವವರು ಮೊದಲೇ ಹೆದರಿರುತ್ತಾರೆ, ಅಲ್ವಾ? ಕತ್ತಲೆಯ ಕಂಬಗಳ ಸಾಲಿಗಿಂತ ಬಿಸಿಲು ಬೀಳುವ ಎತ್ತರದ ಹಾಲ್ ಅವರಿಗೆ ಎಷ್ಟೋ ವಾಸಿ.

ಸೇನ್ ನದಿಯ ನಡುಗಡ್ಡೆಯ ಹಳೆಯ ಕಟ್ಟಡದಲ್ಲಿ ಜಾಗ ಸಾಲುತ್ತಿರಲಿಲ್ಲ. ಹಾಗಾಗಿ 2018ರಲ್ಲಿ ಇಲ್ಲಿಗೆ ಬಂದರು. ಆದರೆ ಮೇಲ್ಮನವಿ ಕೋರ್ಟ್ ಈಗಲೂ ಅಲ್ಲೇ ಇದೆ.