ಸದನ ‘ಹೌದು’ ಎಂದಿತು, ಕೆರೆಗೆ ದುಡ್ಡು ಬಂತಾ?

ಪ್ರಶ್ನೆ: ನಾನು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ರೈತ. ನಮ್ಮ ಭಾಗದ ಕೆರೆ ತುಂಬಿಸುತ್ತೇವೆ ಅಂತ ಬಜೆಟ್‌ನಲ್ಲಿ ಹೇಳಿದ್ದರು. ಆಮೇಲೆ ‘ಧನವಿನಿಯೋಗ ವಿಧೇಯಕದ ಪರ್ಯಾಲೋಚನೆಗೆ ಸದನ ಒಪ್ಪಿಗೆ’ ಅಂತ ಪೇಪರ್‌ನಲ್ಲಿ ಓದಿದೆ. ಅಂದ್ರೆ ದುಡ್ಡು ಮಂಜೂರಾಯಿತಾ? ನಮ್ಮ ಶಾಸಕರು ಯಾವ ಕಡೆ ಮತ ಹಾಕಿದರು ಅಂತ ತಿಳಿಯುವುದು ಹೇಗೆ?

ಉತ್ತರ: ಇಲ್ಲ, ಅಷ್ಟಕ್ಕೇ ಮಂಜೂರಾಗುವುದಿಲ್ಲ. ಧನವಿನಿಯೋಗ ವಿಧೇಯಕ ಅಂದರೆ ಖಜಾನೆಯಿಂದ ಹಣ ತೆಗೆಯಲು ಸರ್ಕಾರಕ್ಕೆ ಅನುಮತಿ ಕೊಡುವ ಮಸೂದೆ. ಅದನ್ನು ಚರ್ಚೆಗೆ ಎತ್ತಿಕೊಳ್ಳೋಣ ಅಂತ ಸದನ ಒಪ್ಪಿದೆ, ಅಷ್ಟೆ. ಇದಾದ ಮೇಲೆ ಖಂಡಗಳನ್ನು, ಅಂದರೆ ವಿಧೇಯಕದ ಒಂದೊಂದು ಭಾಗವನ್ನು, ಮತಕ್ಕೆ ಹಾಕುತ್ತಾರೆ. ಕೊನೆಗೆ ‘ಅಂಗೀಕರಿಸಬೇಕು’ ಎಂಬ ಪ್ರಸ್ತಾವ ಬರುತ್ತದೆ. ಮೂರು ಸಲವೂ ಸಭಾಧ್ಯಕ್ಷರು ಕೇಳುತ್ತಾರೆ, ಪರ ಇರುವವರು ‘ಹೌದು’ ಎನ್ನುತ್ತಾರೆ, ವಿರುದ್ಧ ಇರುವವರು ‘ಇಲ್ಲ’ ಎನ್ನುತ್ತಾರೆ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ.

ಹಾಗಂತ ಇದು ಸುಮ್ನೆ ನಡೆಯುವ ಶಾಸ್ತ್ರವಲ್ಲ. ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಕಾನೂನಿಲ್ಲದೆ ಒಂದು ರೂಪಾಯಿಯನ್ನೂ ತೆಗೆಯುವ ಹಾಗಿಲ್ಲ ಎನ್ನುತ್ತದೆ ಸಂವಿಧಾನದ 266ನೇ ವಿಧಿ. ಆ ಕಾನೂನೇ ಧನವಿನಿಯೋಗ ಕಾಯ್ದೆ. 2019ರ ಜುಲೈ ನೆನಪಿಸಿಕೊಳ್ಳಿ. ಆ ವರ್ಷ ಫೆಬ್ರುವರಿಯಲ್ಲಿ ಎಚ್‌.ಡಿ. ಕುಮಾರಸ್ವಾಮಿ ಬಜೆಟ್ ಮಂಡಿಸಿದ್ದರು. ಪೂರ್ತಿ ವರ್ಷದ ಖರ್ಚಿಗೆ ಒಪ್ಪಿಗೆ ಸಿಕ್ಕಿರಲಿಲ್ಲ. ಜುಲೈ 31ರವರೆಗೆ ಮಾತ್ರ ಲೇಖಾನುದಾನ, ಅಂದರೆ ಕೆಲವು ತಿಂಗಳ ಖರ್ಚಿಗೆ ತಾತ್ಕಾಲಿಕ ಒಪ್ಪಿಗೆ, ಇತ್ತು. ಜುಲೈ 23ಕ್ಕೆ ಸರ್ಕಾರ ವಿಶ್ವಾಸಮತದಲ್ಲಿ ಬಿತ್ತು. 26ಕ್ಕೆ ಬಿ.ಎಸ್‌. ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. 29ರಂದು ಬಹುಮತ ಸಾಬೀತು ಮಾಡಿ, ಅದೇ ದಿನ ಹಿಂದಿನ ಸರ್ಕಾರ ತಯಾರಿಸಿದ್ದ ವಿಧೇಯಕವನ್ನೇ ಪಾಸು ಮಾಡಿಸಿದರು. ಇನ್ನೆರಡು ದಿನ ತಪ್ಪಿದ್ದರೆ ನೌಕರರ ಸಂಬಳಕ್ಕೂ ಖಜಾನೆಯಿಂದ ಹಣ ತೆಗೆಯುವುದು ಕಷ್ಟವಾಗುತ್ತಿತ್ತು.

ಈಗ ನಿಮ್ಮ ಕೆರೆಯ ವಿಷಯ. ಧನವಿನಿಯೋಗ ವಿಧೇಯಕ ಬಂದ ಮೇಲೆ ಅದರ ಮೊತ್ತವನ್ನಾಗಲಿ, ಆ ಹಣ ಎಲ್ಲಿಗೆ ಹೋಗಬೇಕು ಅನ್ನುವುದನ್ನಾಗಲಿ ಯಾವ ಶಾಸಕರೂ ತಿದ್ದುಪಡಿ ತಂದು ಬದಲಾಯಿಸಲು ಬರುವುದಿಲ್ಲ. 204ನೇ ವಿಧಿ ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ಜಗ್ಗಾಡಬೇಕಿದ್ದರೆ ಅದಕ್ಕೂ ಮುಂಚೆ, ಇಲಾಖೆಗಳು ‘ನಮಗೆ ಇಷ್ಟು ಹಣ ಬೇಕು’ ಎನ್ನುವ ಅನುದಾನ ಬೇಡಿಕೆ ಸದನದ ಮುಂದೆ ಬಂದಾಗಲೇ ಜಗ್ಗಾಡಬೇಕು. ಆಗ ಸದನ ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು. ಜಾಸ್ತಿ ಮಾಡಲು ಆಗುವುದಿಲ್ಲ. ಆದರೆ ‘ನಮ್ಮ ತಾಲ್ಲೂಕಿನ ಕೆರೆಗೆ ಎಷ್ಟು ಇಟ್ಟಿದ್ದೀರಿ, ಯಾವ ಲೆಕ್ಕ ಶೀರ್ಷಿಕೆಯಲ್ಲಿ (ಬಜೆಟ್‌ನ ಯಾವ ಖಾತೆಯಲ್ಲಿ)’ ಅಂತ ಸಚಿವರನ್ನು ನಿಲ್ಲಿಸಿ ಕೇಳಬಹುದು. ನನಗೆ ನಿಜಕ್ಕೂ ಬೇಸರ ತರುವುದು ಇಲ್ಲೇ. ಎಷ್ಟೋ ಸಲ ಗದ್ದಲದಲ್ಲಿ ದಿನ ಕಳೆದು, ಸಾವಿರಾರು ಕೋಟಿಯ ಬೇಡಿಕೆಗಳು ಚರ್ಚೆಯೇ ಇಲ್ಲದೆ ಒಟ್ಟಿಗೆ ಪಾಸಾಗಿಬಿಡುತ್ತವೆ. ಮಳೆ ಕೈಕೊಟ್ಟರೆ ಬದುಕೇ ಅಲ್ಲಾಡುವ ನಮ್ಮ ಕಡೆಯವರಿಗೆ ಇದು ಸಣ್ಣ ನಷ್ಟವಲ್ಲ.

ವಿಧಾನ ಪರಿಷತ್ ಏನು ಮಾಡುತ್ತದೆ ಅಂತಲೂ ಕೆಲವರು ಕೇಳುತ್ತಾರೆ. ಹುಬ್ಬಳ್ಳಿಯ ಬಸವರಾಜ ಹೊರಟ್ಟಿಯವರು ಸಭಾಪತಿಯಾದ ಮೇಲೆ ನಮ್ಮಲ್ಲಿ ಈ ಕುತೂಹಲ ಹೆಚ್ಚಿದೆ. ಧನವಿನಿಯೋಗ ವಿಧೇಯಕವು ಸಂವಿಧಾನದ ಪ್ರಕಾರ ಧನ ವಿಧೇಯಕವಾದ್ದರಿಂದ ಪರಿಷತ್ತು ಚರ್ಚಿಸಬಹುದು, ಸಲಹೆ ಕೊಡಬಹುದು. 14 ದಿನದೊಳಗೆ ವಾಪಸ್ ಕಳಿಸಬೇಕು, ತಡೆಯುವ ಅಧಿಕಾರ ಅದಕ್ಕಿಲ್ಲ. ಆಮೇಲೆ ರಾಜ್ಯಪಾಲರ ಸಹಿ.

ನಿಮ್ಮ ಶಾಸಕರ ಮತದ ಬಗ್ಗೆ. ಧ್ವನಿಮತದಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ಸದಸ್ಯರು ಪಟ್ಟು ಹಿಡಿದು ಮತ ವಿಭಜನೆ ಕೇಳಿದರೆ ಮಾತ್ರ ಎಣಿಕೆ ಆಗುತ್ತದೆ. ಮೇಲೆ ಹೇಳಿದ ಜುಲೈ 23ರ ವಿಶ್ವಾಸಮತದ ದಿನ ಹಾಗೇ ಆಯಿತು. ಸದಸ್ಯರನ್ನು ಸಾಲು ಸಾಲಾಗಿ ಎಬ್ಬಿಸಿ ನಿಲ್ಲಿಸಿ ತಲೆ ಎಣಿಸಿದರು. ಪರ 99, ವಿರುದ್ಧ 105. ಬಜೆಟ್‌ಗೆ ಇಂಥ ಎಣಿಕೆ ಅಪರೂಪ. ಹಾಗಾಗಿ ಮತ ಹುಡುಕುವುದಕ್ಕಿಂತ ಮಾತು ಹುಡುಕಿ. ನಿಮ್ಮ ಶಾಸಕರು ಆ ಅಧಿವೇಶನದಲ್ಲಿ ಕೆರೆ ಬಗ್ಗೆ ಬಾಯಿ ಬಿಟ್ಟರಾ ಇಲ್ಲವಾ ಅನ್ನುವುದು ಸದನದ ನಡವಳಿಯಲ್ಲಿ, ಅಂದರೆ ಅಲ್ಲಿ ಆಡಿದ ಮಾತಿನ ಲಿಖಿತ ದಾಖಲೆಯಲ್ಲಿ, ಇರುತ್ತದೆ. ವಿಧಾನಸಭೆಯ ವೆಬ್‌ಸೈಟ್‌ನಲ್ಲಿ ಅದು ಸಿಗುತ್ತದೆ.

ಇನ್ನೊಂದು ಮಾತು. ಕಾಯ್ದೆ ಪಾಸಾದರೆ ಖರ್ಚು ಮಾಡಲು ಅನುಮತಿ ಸಿಕ್ಕಿತು ಅಂತ ಮಾತ್ರ. ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ (ಈ ಕಾಮಗಾರಿ ಮಾಡಿ ಎಂಬ ಸರ್ಕಾರದ ಒಪ್ಪಿಗೆ), ಟೆಂಡರ್, ಅನುದಾನ ಬಿಡುಗಡೆ ಎಲ್ಲ ಆಗಬೇಕು. ಮಾರ್ಚ್ 31ರೊಳಗೆ ಖರ್ಚಾಗದ ಹಣ ರದ್ದಾಗುತ್ತದೆ. ಅದಕ್ಕೇ ಈಗಲೇ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ ಇರಲಿ, 150 ಪದ ದಾಟದಿರಲಿ. ಆಡಳಿತಾತ್ಮಕ ಅನುಮೋದನೆ ಆಗಿದೆಯಾ, ಆಗಿದ್ದರೆ ಆದೇಶದ ಪ್ರತಿ ಕೊಡಿ ಅಂತ ಕೇಳಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು. ಪ್ರತಿ ಕೈಗೆ ಬಂದರೆ ಮತ್ತೆ ಬರೆಯಿರಿ, ಅದರಲ್ಲಿ ಏನೇನು ನೋಡಬೇಕು ಅಂತ ಹೇಳುತ್ತೇನೆ.