ಅಪ್ಪ ಅಮ್ಮನೇ ಮರೆತರೂ ಗಿಟಾರ್ ಮರಳಿ ಬಂದಿದ್ದು ಹೇಗೆ?

ಪ್ರಶ್ನೆ: ಅಮೆರಿಕದ ಜಾಝ್ ಗಿಟಾರ್ ವಾದಕ ಪ್ಯಾಟ್ ಮಾರ್ಟಿನೊ ಮಿದುಳಿನ ಆಪರೇಷನ್ ಆದಮೇಲೆ ಎಲ್ಲಾ ಮರೆತು, ತಮ್ಮದೇ ಹಳೆಯ ರೆಕಾರ್ಡ್ ಕೇಳಿ ಮತ್ತೆ ಗಿಟಾರ್ ಕಲಿತರಂತೆ. ಇದು ನಿಜಾನಾ, ಇಲ್ಲಾ ಉಪ್ಪು ಖಾರ ಹಚ್ಚಿದ ಕಥೆಯಾ? ನಾನೂ ಗಿಟಾರ್ ನುಡಿಸುತ್ತೇನೆ, ಅದಕ್ಕೇ ಕುತೂಹಲ.

ಉತ್ತರ: ನಿಜ. ಆದರೆ ‘ಎಲ್ಲಾ ಮರೆತರು’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮಾರ್ಟಿನೊ 1944ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ದೊಡ್ಡವರ ಜೊತೆ ನುಡಿಸುತ್ತಿದ್ದರು. ಅವರ ಮಿದುಳಿನಲ್ಲಿ ರಕ್ತನಾಳಗಳು ಸಿಕ್ಕುಸಿಕ್ಕಾಗಿದ್ದವು. 1980ರಲ್ಲಿ ರಕ್ತಸ್ರಾವವಾಗಿ ಆಪರೇಷನ್ ಮಾಡಬೇಕಾಯಿತು. ಎಡಗಿವಿಯ ಪಕ್ಕದ ಮಿದುಳಿನ ಭಾಗವಾದ ಎಡ ಟೆಂಪೊರಲ್ ಲೋಬ್‌ನ ದೊಡ್ಡ ಭಾಗವೇ ಹೋಯಿತು. ಎಚ್ಚರವಾದಾಗ ಹೆತ್ತವರ ಗುರುತೂ ಸಿಗಲಿಲ್ಲ.

ಯಾರು, ಎಲ್ಲಿ, ಯಾವಾಗ ಅನ್ನುವ ನೆನಪುಗಳಿಗೆ ಈ ಭಾಗ ಬೇಕು. ಕೈಗೆ ಕೂತ ಅಭ್ಯಾಸ ಹೆಚ್ಚಾಗಿ ಬೇರೆ ಕಡೆ ಇರುತ್ತದೆ. ಬೇಸಲ್ ಗ್ಯಾಂಗ್ಲಿಯಾ, ಸೆರೆಬೆಲ್ಲಮ್ ಅಂತ ಹೆಸರು. ಇದಕ್ಕೆ ಒಳ್ಳೆಯ ಸಾಕ್ಷಿ ಹೆನ್ರಿ ಮೊಲೈಸನ್ ಅನ್ನುವ ಅಮೆರಿಕದ ರೋಗಿ. ಎರಡೂ ಕಡೆಯ ಟೆಂಪೊರಲ್ ಲೋಬ್‌ನ ಒಳಭಾಗ ತೆಗೆದ 1953ರ ಆಪರೇಷನ್ ನಂತರ ಅವರಿಗೆ ಹೊಸ ನೆನಪೇ ನಿಲ್ಲುತ್ತಿರಲಿಲ್ಲ. ಕನ್ನಡಿಯಲ್ಲಿ ಮಾತ್ರ ಕೈ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಲು ಕೊಟ್ಟರೆ, ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಗುತ್ತಿತ್ತು. ಆದರೆ ಹಿಂದಿನ ದಿನ ಮಾಡಿದ್ದು ಮಾತ್ರ ನೆನಪಿಲ್ಲ! ಕೈ ಕಲಿತಿತ್ತು, ಅವರಿಗೆ ಗೊತ್ತಿರಲಿಲ್ಲ.

ಹಾಗಂತ ಮಾರ್ಟಿನೊ ಗಿಟಾರ್ ಎತ್ತಿಕೊಂಡ ಕೂಡಲೇ ಎಲ್ಲಾ ಬಂತು ಅಂದುಕೊಳ್ಳಬೇಡಿ. ಮೊದಲಿಗೆ ಅವರಿಗೆ ಅದು ಬೇಕಾಗಿಯೇ ಇರಲಿಲ್ಲ. ಅಪ್ಪ ಮನೆಯಲ್ಲಿ ಮಗನ ಹಳೆಯ ರೆಕಾರ್ಡ್ ಹಾಕುತ್ತಿದ್ದರು. ಮೇಲಿನ ಕೋಣೆಯಲ್ಲಿ ಮಲಗಿದ ಮಗನಿಗೆ ಅದು ಯಾರೋ ಬೇರೆಯವರ ಸಂಗೀತ. ನೀನು ಇವನಾಗಿದ್ದೆ, ಮತ್ತೆ ಇವನಾಗು ಅಂತ ಯಾರಾದರೂ ಒತ್ತಾಯಿಸಿದರೆ ಕಿರಿಕಿರಿಯೇ ಜಾಸ್ತಿ, ಅಲ್ವಾ? ಆಮೇಲೆ ತಾವಾಗಿಯೇ ನುಡಿಸತೊಡಗಿದಾಗ, ಬೆರಳು ಓಡಿದ ಹಾಗೆ ತುಣುಕು ತುಣುಕಾಗಿ ನೆನಪು ಬಂತು. ಜಾಝ್‌ನಲ್ಲಿ ಸೋಲೋ ಬಹುಪಾಲು ಆ ಕ್ಷಣಕ್ಕೆ ಹುಟ್ಟುವುದು. ಹಾಗಾಗಿ ಅವರು ಏನು, ಹೇಗೆ ನುಡಿಸುತ್ತಿದ್ದರು ಅನ್ನುವುದು ಆ ರೆಕಾರ್ಡ್‌ಗಳಲ್ಲೇ ಉಳಿದಿತ್ತು. ತಮ್ಮದೇ ಶಿಷ್ಯರಾಗಿ ಕೂತು ಕಲಿತರು ಅನ್ನಬಹುದು. 1987ರಲ್ಲಿ ನ್ಯೂಯಾರ್ಕ್‌ನ ಕ್ಲಬ್ ಒಂದರಲ್ಲಿ ಲೈವ್ ಆಲ್ಬಂ ರೆಕಾರ್ಡ್ ಆಯಿತು. ಹೆಸರು ‘ದಿ ರಿಟರ್ನ್’. ಮತ್ತೆ ದಶಕಗಳ ಕಾಲ ನುಡಿಸಿ, 2021ರಲ್ಲಿ ತೀರಿಕೊಂಡರು.

ನಿಮಗೆ ಗೊತ್ತಿರುವ ವಾದಕರು ಯಾರಾದರೂ ಹೀಗೆ ನೆನಪು ಕಳೆದುಕೊಂಡಿದ್ದರೆ, ‘ಈ ಟ್ಯೂನ್ ನೆನಪಿದೆಯಾ?’ ಅಂತ ಕೇಳುತ್ತಾ ಕೂರಬೇಡಿ. ಆ ಪ್ರಶ್ನೆ ನೇರವಾಗಿ ಪೆಟ್ಟು ಬಿದ್ದ ಜಾಗಕ್ಕೇ ಹೋಗುತ್ತದೆ. ವಾದ್ಯವನ್ನು ಸುಮ್ನೆ ಕೈಗೆಟಕುವ ಕಡೆ ಇಟ್ಟುಬಿಡಿ. ಅದೇ ಸೆರೆಬೆಲ್ಲಮ್‌ಗೇ ಪೆಟ್ಟಾಗಿದ್ದರೆ ಸಮಸ್ಯೆ ಉಲ್ಟಾ: ಟ್ಯೂನ್ ನೆನಪಿರಬಹುದು, ಬೆರಳು ತಪ್ಪುತ್ತದೆ. ಆಗ ಫಿಸಿಯೋಥೆರಪಿಯವರ ಸಲಹೆ ಕೇಳಿಯೇ ಅಭ್ಯಾಸ ಶುರು ಮಾಡಿಸಿ.